ಅಂಗೈಯಷ್ಟು ಪಂಚಾಮೃತ

ಸಿದ್ದೇಶ್ವರಿ ಮೇಡಂ ಅವರದು ಒಂದು ಹಠ. ಪರೀಕ್ಷೆಗೆ ಜನರ ರಕ್ತ ತೆಗೆದ ಜಾಗವನ್ನು ಕಣ್ಣಾರೆ ನೋಡದೆ ಅವರು ಯಾವ ಸಂಶೋಧನೆಗೂ ಒಪ್ಪಿಗೆ ಕೊಡುತ್ತಿರಲಿಲ್ಲ. ಬಾಗಲಕೋಟೆ ಕಡೆಯ ಈ ಡಾಕ್ಟರಮ್ಮನ ಕೈಕೆಳಗೆ ದುಡಿಯುತ್ತಿದ್ದ ಮೈಸೂರಿನ ಕೃಷ್ಣಪ್ರಸಾದನಿಗೆ ಈಗ ಆ ಹಠವೇ ತಲೆನೋವಾಗಿತ್ತು. ಗುರುವಾರ ಅಟ್ಲಾಂಟಾದಲ್ಲಿ ಸಮ್ಮೇಳನ. ಬಿಳಿಯರು, ಕರಿಯರಿಗಿಂತ ಭಾರತೀಯ ಜನಾಂಗದ ರಕ್ತದಲ್ಲೇ ಸಕ್ಕರೆ ಹೆಚ್ಚು ಎಂಬ ಅವನ ಫಲಿತಾಂಶ ಅಲ್ಲಿ ಹೆಸರು ಮಾಡಿದರೆ ಗ್ರೀನ್ ಕಾರ್ಡ್ ಅರ್ಜಿಗೆ ಆನೆಬಲ. ಇಲ್ಲದಿದ್ದರೆ ವೀಸಾ ಮುಗಿದ ಕೂಡಲೇ ಗಂಟುಮೂಟೆ ಕಟ್ಟಬೇಕು.

ಭಾನುವಾರ ಬೆಳಿಗ್ಗೆ ಇಬ್ಬರೂ ಎಲಿಕಾಟ್ ಸಿಟಿಯ ಹತ್ತಿರದ ದೇವಸ್ಥಾನಕ್ಕೆ ಬಂದರು. ಅದರ ಕೆಳಗಿನ ಹಾಲ್‌ನಲ್ಲೇ ಅವನು ರಕ್ತ ತೆಗೆಸುತ್ತಿದ್ದ. ಖಾಲಿ ಹೊಟ್ಟೆಯ ಭಾರತೀಯರು ಇಷ್ಟು ಮಂದಿ ಒಟ್ಟಿಗೆ ಇನ್ನೆಲ್ಲಿ ಸಿಕ್ಕಾರು!

ಮೇಡಂ ಮೇಲಿನ ಗುಡಿಯಲ್ಲಿ ದೇವರಿಗೆ ಕೈಮುಗಿದು ಕೆಳಗಿಳಿದರು. ತಾವೂ ರಕ್ತ ಕೊಡುತ್ತೇನೆಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದರು.

“ಏನಾದ್ರೂ ತಿಂದಿದ್ದೀರಾ, ಆಂಟಿ?” ನರ್ಸ್ ಮೈಥಿಲಿ ಕೇಳಿದಳು.

“ಇಲ್ಲವಾ, ಏನೂ ತಿಂದಿಲ್ಲ.”

ಅಂದವರೇ ತಮ್ಮ ಕೈ ನೋಡಿಕೊಂಡರು. ಬಲಗೈ ಅಂಟಂಟಾಗಿತ್ತು. ಮೂಸಿ ನೋಡಿದರೆ ಬಾಳೆಹಣ್ಣು, ಜೇನುತುಪ್ಪ.

“ಕೃಷ್ಣಪ್ರಸಾದ, ಇಲ್ಲಿ ಬರೋರೆಲ್ಲ ಮೊದಲ ಮ್ಯಾಲೆ ಹೋಗಿ ಬರತಾರೇನು?”

“ದೇವರನ್ನ ನೋಡ್ದೆ ಹೇಗೆ ಬರ್ತಾರೆ, ಮೇಡಂ?”

“ಪಂಚಾಮೃತ ತಗೋತಾರ?”

“ಬೇಡ ಅನ್ನೋಕಾಗುತ್ತಾ? ಆದ್ರೆ ಪ್ರಸಾದ ತಗೊಂಡ್ರೆ ತಿಂದ ಹಾಗಲ್ವಲ್ಲ...” ಅನ್ನುತ್ತಲೇ ಅವನು ಮೇಡಂ ಅಂಗೈ ನೋಡಿದ.

“ಬಿಳಿಯರು, ಕರಿಯರು ರಕ್ತ ಎಲ್ಲಿ ಕೊಟ್ರು?”

“ಕ್ಲಿನಿಕ್‌ನಲ್ಲಿ.”

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವನ ಮುಖ ಮಾತ್ರ ಸಪ್ಪಗಾಯಿತು.

“ನಮ್ಮೋರಿಗೆ ಶುಗರ್ ಜಾಸ್ತಿ ಅಂತ ಬೇರೆಯವರೂ ಬರೆದಿದ್ದಾರಲ್ಲ, ಮೇಡಂ? ಹಾಗೇ ಪ್ರೆಸೆಂಟ್ ಮಾಡಿಬಿಡೋಣ.”

“ಇರಬಹುದಪಾ. ಆದ್ರ ನಾವು ಅದನ್ನ ಅಳದಿಲ್ಲ. ಪ್ರಸಾದ ಅಳದು, ಜನಾಂಗ ಅಂತ ಹೆಸರಿಟ್ಟೀವಿ. ನಾಳೆ ಹುಟ್ಟೋ ಕೂಸಿಗೂ ಈ ಹಣೆಪಟ್ಟಿ ಅಂಟತದ.” ಆಮೇಲೆ ಮೆತ್ತಗೆ ಹೇಳಿದರು: “ಅಟ್ಲಾಂಟಾದಾಗ ತಪ್ಪು ನಂದು ಅಂತ ಹೇಳತೀನಿ. ಪೇಪರಿನ್ಯಾಗಿಂದ ನಿನ್ನ ಹೆಸರು ತಗೀತೀನಿ. ನಿನ್ನ ಅರ್ಜಿಗೆ ಪೆಟ್ಟು ಬೀಳಬಾರದು.”

ಗುರುವಾರ ತುಂಬಿದ ಸಭೆಯಲ್ಲಿ ಅವರು ಒಂದನ್ನೂ ಮುಚ್ಚಿಡಲಿಲ್ಲ. ಇಷ್ಟು ವರ್ಷ ಗಳಿಸಿದ ಹೆಸರನ್ನೇ ಪಣಕ್ಕಿಟ್ಟು, ಅಂಟಂಟು ಕೈಯ ಕತೆಯನ್ನು ನಗುನಗುತ್ತಲೇ ಹೇಳಿದರು. ಎಂಥ ಗಟ್ಟಿ ಹೆಂಗಸು! ಸಭೆಯೂ ನಕ್ಕಿತು.

ಆಗ ಕೆರೊಲಿನಾದಿಂದ ಬಂದಿದ್ದ ಕಪ್ಪು ಜನಾಂಗದ ಹಿರಿಯ ವೈದ್ಯರೊಬ್ಬರು ಎದ್ದು ನಿಂತರು.

“ನಮ್ಮ ಜನರ ರಕ್ತವೇ ಬೇರೆ ಎಂದು ಬರೆದದ್ದನ್ನು ಜೀವಮಾನವಿಡೀ ಓದಿದ್ದೇನೆ,” ಎಂದರು. “ಬರೆದವರಲ್ಲಿ ಒಬ್ಬರಾದರೂ ನಮ್ಮ ಬಾಗಿಲಿಗೆ ಬಂದು, ಹೀಗೆ ತಮ್ಮ ಕೈ ತಾವು ನೋಡಿಕೊಂಡಿದ್ದರೆ!”

ನಗು ನಿಂತಿತು. ಕೃಷ್ಣಪ್ರಸಾದ ತಲೆಯೆತ್ತಿ ನೋಡಿದ. ಪರದೆಯ ಮೇಲೆ ಮೇಡಂ ಹೆಸರು ಒಂಟಿಯಾಗಿತ್ತು. ಅರ್ಜಿಯ ಹೆದರಿಕೆ ಇದ್ದೇ ಇತ್ತು, ಆದರೂ ಅವನು ಎದ್ದು ನಿಂತ.

“ಆ ರಕ್ತ ತೆಗೆಸಿದವನು ನಾನು. ನನ್ನ ಹೆಸರೂ ಅಲ್ಲಿರಬೇಕು.”