ಗಂಟೆಗೆ ಹೊಲಿದ ಹಾಸಿಗೆ

ಒಂದಾನೊಂದು ಊರಿನಲ್ಲಿ ಒಂದು ಕೆಂಪು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಇಬ್ಬರು ಅಣ್ಣತಮ್ಮಂದಿರು. ಕರೆಂಟು ಇರುವಷ್ಟು ಕಾಲ ಅವರಿಗೆ ಉಣ್ಣುವುದು, ಮಲಗುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಕರೆಂಟು ಹೋದ ಗಳಿಗೆಯಲ್ಲಿ ಮಾತ್ರ ಇಬ್ಬರೂ ಎದ್ದು ಹೆಗಲು ಕೊಡಬೇಕು. ಆಗ ಬೆಂಕಿ ಬಿದ್ದರೆ ಗಂಟೆ ಬಾರಿಸಿ ಮನೆಮಂದಿಯನ್ನೆಲ್ಲ ಹೊರಗಟ್ಟಬೇಕು. ಈ ಬ್ಯಾಟರಿ ಅಣ್ಣತಮ್ಮಂದಿರು ಏಳುತ್ತಾರೋ ಇಲ್ಲವೋ ಎಂದು ಆಗಾಗ ತಟ್ಟಿ ನೋಡಲು ಒಬ್ಬಳಿದ್ದಳು. ಕೊರಳಲ್ಲಿ ಸರದಂತೆ ಮೀಟರು ನೇತುಹಾಕಿಕೊಂಡು ತಿರುಗುತ್ತಿದ್ದುದರಿಂದ ಎಲ್ಲರೂ ಅವಳನ್ನು ಮೀಟರಮ್ಮ ಎನ್ನುತ್ತಿದ್ದರು.

ಪೆಟ್ಟಿಗೆ ಇದ್ದದ್ದು ಹಾಸಿಗೆ ಅಂಗಡಿಯಲ್ಲಿ. ಕೆಳಗೆ ಅಂಗಡಿ, ಮೇಲೆ ಹೊಲಿಗೆಕೋಣೆ. ಅಲ್ಲಿ ಹತ್ತಿ, ಸ್ಪಂಜು, ಬಟ್ಟೆಯ ಗುಡ್ಡಗಳ ನಡುವೆ ಕುಳಿತು ಗವಸು ಹೊಲಿಯುತ್ತಿದ್ದವಳು ಮೀಟರಮ್ಮನ ಹೆತ್ತ ತಾಯಿ. ಅಲ್ಲೊಂದು ಕಿಡಿ ಬಿದ್ದರೆ... ಮೀಟರಮ್ಮ ಆ ಮಾತನ್ನು ಮನಸ್ಸಿನಲ್ಲಿಯೂ ಪೂರ್ತಿ ಮಾಡುತ್ತಿರಲಿಲ್ಲ.

"ಊರವರ ಗಂಟೆ ಎಲ್ಲಾ ಬಾರಿಸ್ಕೊಂಡು ಬರ್ತೀಯ. ನನ್ನ ತಲೆ ಮೇಲಿರೋದು ಒಂದಿನಾನೂ ಬಡಿದಿಲ್ಲ ಕಣೇ," ಎಂದಳು ತಾಯಿ ಆ ಬೆಳಿಗ್ಗೆ.

"ಇವತ್ತು ಕೇಳಿಸ್ತೀನಮ್ಮ. ಕರೆಂಟ್ ತೆಗೆದೇ ಕೇಳಿಸ್ತೀನಿ. ನಿನ್ನಾಣೆ."

"ನನ್ನಾಣೆ ಯಾಕೆ? ಆ ಬ್ಯಾಟರಿ ಮೇಲೆ ಇಡು ಆಣೆ."

ಇಷ್ಟು ದಿನ ಆಗದಿದ್ದುದಕ್ಕೆ ಕಾರಣ ನಿದ್ದೆಣ್ಣ. ಅವನು ಅಂಗಡಿ ಸಾಹುಕಾರನ ಬಾಮೈದ. ಬೀದಿಗೆ ಕಾಣುವ ಗಾಜಿನ ಹಿಂದೆ ಹಾಸಿಗೆಯ ಮೇಲೆ ಮಲಗಿ ನಿದ್ದೆ ಮಾಡುವುದೇ ಅವನ ಉದ್ಯೋಗ. ತಲೆಯ ಮೇಲೆ ಬೋರ್ಡು: 'ನಮ್ಮ ಹಾಸಿಗೆ ಹತ್ತಿದವರು ಸಂಜೆಯವರೆಗೆ ಏಳುವುದಿಲ್ಲ.' ಅವನ ಫ್ಯಾನಿಗೂ ಕೆಂಪು ಪೆಟ್ಟಿಗೆಗೂ ಸಾಹುಕಾರ ಒಂದೇ ಸ್ವಿಚ್ಚು ಹಾಕಿಸಿದ್ದ. ಪೆಟ್ಟಿಗೆಯ ಕರೆಂಟು ತೆಗೆದರೆ ಫ್ಯಾನು ನಿಲ್ಲುತ್ತದೆ, ಫ್ಯಾನು ನಿಂತರೆ ಸೆಕೆ, ಸೆಕೆಯಾದರೆ ನಿದ್ದೆಣ್ಣ ಏಳುತ್ತಾನೆ, ಅವನು ಎದ್ದರೆ ವ್ಯಾಪಾರ ಮಲಗುತ್ತದೆ. ಹಾಗಾಗಿ ಪ್ರತಿ ಸಲವೂ ಗಂಟೆ ಬಾರಿಸದೆ, ಕರೆಂಟು ಇದ್ದಂತೆಯೇ ಮೀಟರು ಹಿಡಿಯಬೇಕಾಗಿತ್ತು. ಮುಳ್ಳು ನೆಟ್ಟಗೆ ನಿಲ್ಲುತ್ತಿತ್ತು. ಪೆಟ್ಟಿಗೆಯೊಳಗಿನ ಚಾರ್ಜರು ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದಿದ್ದರೆ ಹೆಣವೂ ನಿಂತಂತೆಯೇ ಕಾಣುತ್ತದಲ್ಲ!

"ಮೆಲ್ಲಗೆ ಬಾರಿಸೋಕಾಗಲ್ವಾ ತಾಯಿ?" ಎಂದು ಸಾಹುಕಾರ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತ. "ಬಾಗಿಲು ತಟ್ಟೋ ಹಾಗೆ?"

"ಬೆಂಕಿ ಬಾಗಿಲು ತಟ್ಟಿ ಬರಲ್ಲ ಸಾಹುಕಾರ್ರೇ. ಮೇಲೆ ಅಮ್ಮ ಇದಾಳೆ. ಸ್ವಲ್ಪ ಸರೀರಿ."

ಅವನು ಬೀಸಣಿಗೆ ಹುಡುಕಲು ಓಡಿದ. ಅವಳು ಸ್ವಿಚ್ಚು ಒತ್ತಿದಳು. ಫ್ಯಾನು ನಿಂತಿತು. ಪೆಟ್ಟಿಗೆಯ ದೀಪ ಒಮ್ಮೆ ಮಿಣುಕಿ, ಕುಂಯ್ ಎಂದು ಕಣ್ಣು ಮುಚ್ಚಿತು. ಮೀಟರಿನ ಮುಳ್ಳು ಮೂರ್ಛೆ ಬಿದ್ದಂತೆ ಮಲಗಿತು. ಮುಚ್ಚಳ ತೆಗೆದರೆ ಅಣ್ಣನ ಹೊಟ್ಟೆ ಊದಿ ಪಕ್ಕೆ ಬಿರಿದಿತ್ತು. ಇಷ್ಟು ದಿನವೂ ಅಮ್ಮನ ಕಾವಲಿಗಿದ್ದವರು ಇವರೇ!

ಬೀಸಣಿಗೆ ಹಿಡಿದು ಬಂದ ಸಾಹುಕಾರ ಇಣುಕಿದ. "ಒಬ್ಬನದೇ ತಾನೆ ಹೊಟ್ಟೆ ಊದಿರೋದು? ಇನ್ನೊಬ್ಬ ಲಕ್ಷಣವಾಗಿದಾನೆ. ಒಂದೇ ಹಾಕು."

"ಮುದಿ ಎತ್ತಿಗೂ ಎಳೆ ಹೋರಿಗೂ ಒಂದೇ ನೊಗ ಕಟ್ಟಿದ್ರೆ ಗಾಡಿ ಹಳ್ಳಕ್ಕೇ ಹೋಗೋದು. ಇವರು ಬಂದರೂ ಜೋಡಿ, ಹೋದರೂ ಜೋಡಿ."

ಮನೆಯಲ್ಲಿ ಚಾರ್ಜ್ ಮಾಡಿ ತಂದಿದ್ದ ಹೊಸ ಜೋಡಿಯನ್ನು ಕೂರಿಸಿ, ನಡುವೆ ತಂತಿ ಬಿಗಿದಳು. ಕರೆಂಟಿಲ್ಲದೆಯೂ ಪೆಟ್ಟಿಗೆ ಕಣ್ಣು ಬಿಟ್ಟಿತು. ಅವಳು ಗಂಟೆಯ ಗುಂಡಿ ಒತ್ತಿ ಕಿವಿಗೊಟ್ಟಳು.

ಗುಬ್. ಗುಬ್. ಗುಬ್.

ಯಾರೋ ರಜಾಯಿಯೊಳಗೆ ಕೆಮ್ಮಿದಂತಿತ್ತು. ಮೀಟರಮ್ಮ ಮೆಟ್ಟಿಲು ಹತ್ತಿ ಓಡಿದಳು. ಮೇಲೆ ಹೊಲಿಗೆಯಂತ್ರ ಗಡಗಡ ಎನ್ನುತ್ತಿತ್ತು, ತಾಯಿ ತಲೆಯೆತ್ತಲಿಲ್ಲ. ಅವಳ ತಲೆಯ ಮೇಲೆ, ಗೋಡೆಯಲ್ಲಿ, ಹೂವಿನ ಬಟ್ಟೆಯ ದುಂಡನೆಯ ಪುಟ್ಟ ಹಾಸಿಗೆಯೊಂದು ನಡುಗುತ್ತಿತ್ತು. ಅಂಚಿಗೆ ಪಟ್ಟಿ, ನಡುವೆ ನಾಲ್ಕು ಗುಂಡಿ.

"ಅಮ್ಮಾ! ಇದೇನಿದು?"

"ಗಂಟೆ ಗವಸು. ಧೂಳು ಕೂರುತ್ತೆ ಅಂದ್ರು ಸಾಹುಕಾರ್ರು. ಅಳತೆ ತಗೊಂಡು ನಾನೇ ಹೊಲಿದೆ. ಒಳಗೆ ಹತ್ತಿ ಜಾಸ್ತೀನೇ ಹಾಕಿದೀನಿ." ತಾಯಿಯ ಮುಖದಲ್ಲಿ ಹೆಮ್ಮೆ. "ಹೇಗಿದೆ?"

"ತುಂಬಾ ಚೆನ್ನಾಗಿದೆ. ಬಡೀತಾ ಇದೆ, ಕೇಳಿಸ್ತಿದೆಯಾ?"

ತಾಯಿ ಯಂತ್ರ ನಿಲ್ಲಿಸಿ ಆಲಿಸಿದಳು. ಹೆಮ್ಮೆ ಮೆಲ್ಲಗೆ ಇಳಿಯಿತು. ಸ್ಟೂಲು ಹತ್ತಿ, ಕತ್ತರಿಯಿಂದ ತನ್ನ ಕೈಹೊಲಿಗೆಯನ್ನು ತಾನೇ ಸರ್ರನೆ ಸೀಳಿದಳು.

ಗಂಟೆ ಬಾಯಿ ಬಿಟ್ಟಿತು. ಅಬ್ಬಾ, ಎಷ್ಟು ದಿನದ ಮಾತು ಹೊಟ್ಟೆಯಲ್ಲಿತ್ತೋ! ತಾಯಿ ಕತ್ತರಿ ಹಿಡಿದೇ ಮೆಟ್ಟಿಲಿಳಿದು ಬೀದಿ ಸೇರಿದಳು. ಗಿರಾಕಿಗಳು ದಿಂಬು ಅಪ್ಪಿಕೊಂಡು ಓಡಿದರು. ಗಾಜಿನ ಹೊರಗೆ ಜನ ಜಮಾಯಿಸಿ ಮೂಗು ಒತ್ತಿ ನೋಡತೊಡಗಿದರು: ನಿದ್ದೆಣ್ಣ ಏಳುತ್ತಾನೋ ಇಲ್ಲವೋ?

ನಿದ್ದೆಣ್ಣ ಅಲುಗಲಿಲ್ಲ. ಕೆಳಗಿಳಿದು ಬಂದ ಮೀಟರಮ್ಮ ಅವನ ಕಿವಿಯ ಬಳಿ ಬಾಗಿದಳು. ತುಟಿ ಮಿಸುಕದೆ ಅವನು ಉಸುರಿದ: "ಅಕ್ಕಾ, ನಿಜವಾದ ಬೆಂಕಿನಾ, ಸುಳ್ಳಾ? ಬೇಗ ಹೇಳಿ."

"ಅಯ್ಯೋ, ಎಚ್ಚರವಾಗಿದೀಯಾ?"

"ಈ ಕೆಲಸಕ್ಕೆ ಸೇರಿದ ಮೇಲೆ ನಿದ್ದೆ ಎಲ್ಲಿಂದ ಬರಬೇಕು? ಎದ್ದರೆ ಭಾವ ಸಾಯಿಸ್ತಾರೆ."

"ಕೊನೆಯವರು ಹೊರಗೆ ಹೋಗೋವರೆಗೂ ಗಂಟೆ ನಿಲ್ಲಿಸಲ್ಲ ಸಾಹುಕಾರ್ರೇ," ಎಂದು ಅವಳು ಕೂಗಿದಳು. "ಅದೇ ಪರೀಕ್ಷೆ!"

ಸಾಹುಕಾರ ಕಿವಿ ಮುಚ್ಚಿಕೊಂಡು ಗಾಜಿನಾಚೆಯ ಜನರನ್ನು ನೋಡಿದ, ಬೋರ್ಡು ನೋಡಿದ, ಬಾಮೈದನನ್ನು ನೋಡಿದ. "ಏಳೋ ಹಾಗಿಲ್ಲ!" ಎಂದು ಚೀರಿದ. "ಮಲಗಿದವನನ್ನ ಮಲಗಿದ ಹಾಗೇ ಎತ್ರೋ!"

ಹೊರಗೆ ಓಡಿದ್ದ ಗಿರಾಕಿಗಳಲ್ಲಿ ನಾಲ್ವರು ಮರಳಿ ಬಂದು ಹಾಸಿಗೆಯ ನಾಲ್ಕು ಮೂಲೆ ಹಿಡಿದರು. ಸಾಹುಕಾರ ಬೀಸಣಿಗೆ ಬೀಸುತ್ತ ಮುಂದೆ, ನಿದ್ದೆಣ್ಣ ಹಿಂದೆ, ದೊರೆಯ ಸವಾರಿಯಂತೆ ಬೀದಿಗೆ ಬಂದರು. "ಇಷ್ಟು ಬಡಿದರೂ ಏಳಲಿಲ್ಲವಲ್ಲಪ್ಪಾ! ಇದೇ ಹಾಸಿಗೆ ನನಗೂ ಒಂದು!" ಎಂದು ಗುಂಪಿನಿಂದ ಯಾರೋ ಕೂಗಿದರು. ಬೇವಿನ ಮರದ ನೆರಳಿನಲ್ಲಿ ಹಾಸಿಗೆ ಇಳಿಸಿದರು. ತಂಗಾಳಿ ಬೀಸಿತು. ನಿದ್ದೆಣ್ಣ ಒಂದು ಸಲ ಕಾಲು ಚಾಚಿದ, ಬಾಯಿ ತೆರೆದ, ಆಮೇಲೆ ನಿಜವಾಗಿಯೇ ಗೊರಕೆ ಹೊಡೆಯತೊಡಗಿದ.

ಅಂಗಡಿ ಖಾಲಿಯಾಗಿತ್ತು. ಒಳಗೆ ಹೊಸ ಅಣ್ಣತಮ್ಮಂದಿರು ಯಾರ ಆಸರೆಯೂ ಇಲ್ಲದೆ ಹೆಗಲು ಕೊಟ್ಟೇ ನಿಂತಿದ್ದರು, ಮುಳ್ಳು ಕುಸಿದಿರಲಿಲ್ಲ. ಮೀಟರಮ್ಮ ಬಾಗಿಲಿನಿಂದ ಇಣುಕಿ ತಾಯಿಯತ್ತ ನೋಡಿದಳು.

ಬೀದಿಯ ಆಚೆ ಬದಿಯಿಂದ ತಾಯಿ ಕತ್ತರಿ ಎತ್ತಿ ಆಡಿಸಿದಳು. "ಕೇಳಿಸ್ತು ಕಣೇ! ಸಾಕು, ನಿಲ್ಲಿಸು!"

ಮೀಟರಮ್ಮ ಗುಂಡಿ ಒತ್ತಿ ಗಂಟೆಯನ್ನು ನಿಲ್ಲಿಸಿದಳು.