ನೆಲಕ್ಕಿಳಿದ ತರಗತಿ

ಆಸ್ಪತ್ರೆಯಿಂದ ಫೋನು ಬಂದಾಗ ನಾನು ಕೆಸುವಿನ ಗೆಡ್ಡೆಯ ಸಿಪ್ಪೆ ತೆಗೆಯುತ್ತಿದ್ದೆ. ಮಗಳು ತಿರೇಸಾ ಫೋನನ್ನು ಮೇಜಿನ ಮೇಲೇ ಇಟ್ಟುಕೊಂಡು ಮಾತಾಡಿದಳು. ಎತ್ತಿ ಕಿವಿಗೆ ಹಿಡಿಯುವುದು ಈಚೆಗೆ ಅವಳ ತೋಳಿಗೆ ಭಾರ.

"ಈ ವರ್ಷ ನೀನು ಬರೋ ಶ್ರಮ ಬೇಡಮ್ಮ," ಎಂದರು ಪ್ರೊಫೆಸರ್ ಮಾರ್ಗಾಟ್. "ಹೋದ ವರ್ಷದ ವಿಡಿಯೋ ಇದೆಯಲ್ಲ, ಅದನ್ನೇ ತೋರಿಸ್ತೀವಿ."

ಸ್ನಾಯುರೋಗಗಳನ್ನು ಕಲಿಯಲು ಬರುವ ಎಳೆಯ ಡಾಕ್ಟರುಗಳ ಮುಂದೆ ಪ್ರತಿವರ್ಷ ತಿರೇಸಾ ನೆಲದ ಮೇಲೆ ಕೂತು ಏಳುತ್ತಿದ್ದಳು. ಅಂಗೈಯನ್ನು ಮೊದಲು ಮಂಡಿಗೆ, ಆಮೇಲೆ ತೊಡೆಗೆ ಊರಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುತ್ತಿದ್ದಳು. ಕಾಲಿನ ಬಲ ಸೋತವರು ಏಳುವ ಬಗೆ ಅದು. ಅದೇ ಪಾಠ. ಈ ವರ್ಷ ಹಾಗೆ ಕೂಡ ಏಳಲಾಗುವುದಿಲ್ಲ.

"ಏಳೋಕಾಗದವಳು ಪಾಠಕ್ಕೂ ಬೇಡ್ವಾ ಡಾಕ್ಟ್ರೇ? ನಾನು ಬರ್ತೀನಿ," ಎಂದು ತಿರೇಸಾ ಫೋನಿಟ್ಟಳು.

"ಅವರು ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೇ," ಎಂದೆ.

"ಆ ವಿಡಿಯೋದೋಳು ಎದ್ದು ಹೊರಟುಹೋಗ್ತಾಳಮ್ಮ. ಉಳ್ಕೊಂಡಿರೋಳು ನಾನು. ನಾಳೆ ಇವರ ಹತ್ರ ಬರೋರೂ ನನ್ನಂಥೋರೇ. ಅವರನ್ನ ನೋಡೋಕೆ ಕಲಿಸೋರು ಯಾರು?"

ಒಲೆ ಆರಿಸಿ, ಬಟ್ಟೆ ಒಣಹಾಕಿ, ಚಾಪೆ ಸುತ್ತಿಕೊಂಡು ಹೊರಟೆ. ಅವಳು ಹಟ ಹಿಡಿದರೆ ನಮ್ಮ ಓಟಾರಾ ಬಡಾವಣೆಯ ಬಸ್ಸುಗಳೂ ದಾರಿ ಬಿಡುತ್ತವೆ.

ತರಗತಿಯಲ್ಲಿ ಅವಳನ್ನು ಗಾಲಿಕುರ್ಚಿಯಿಂದ ಚಾಪೆಗೆ ಇಳಿಸಿ ಪಕ್ಕದಲ್ಲೇ ಕೂತೆ. ಸುತ್ತಲೂ ಎಳೆಯ ಡಾಕ್ಟರುಗಳು ಕೈಕಟ್ಟಿ ನಿಂತರು. ಕೂತ ನಮಗೆ ಅವರ ಗದ್ದಗಳಷ್ಟೇ ಕಾಣುತ್ತಿದ್ದವು.

"ಇವತ್ತು ನಾನು ಏಳಲ್ಲ," ಎಂದಳು ತಿರೇಸಾ. "ನೀವೇ ಇಳೀರಿ."

ಯಾರೂ ಅಲುಗಲಿಲ್ಲ. "ತಿರೇಸಾ, ಇದು ಪಾಠದ ಹೊತ್ತು," ಎಂದರು ಪ್ರೊಫೆಸರ್.

"ನಾನೂ ಪಾಠಾನೇ ಮಾಡ್ತಿರೋದು."

ಗುಂಪಿನಲ್ಲಿ ಲೋಸಾ ಎಂಬ, ನಮ್ಮ ಹಾಗೇ ಸಮೋವಾ ದ್ವೀಪದ ಕಡೆಯ ಹುಡುಗಿಯೊಬ್ಬಳಿದ್ದಳು. ಬಂದಾಗಿನಿಂದ ಅವಳ ಮಂಡಿ ಚಡಪಡಿಸುತ್ತಿತ್ತು. ಕೂತವರ ಎದುರು ನಿಂತೇ ಮಾತಾಡುವವರನ್ನು ಹೆತ್ತವರು ಸರಿಯಾಗಿ ಬೆಳೆಸಿಲ್ಲ ಅನ್ನುತ್ತೇವೆ ನಮ್ಮ ಮನೆಗಳಲ್ಲಿ. ಆದರೆ ಇಲ್ಲಿ ದೊಡ್ಡ ಡಾಕ್ಟರೇ ನಿಂತಿದ್ದರು. ಲೋಸಾ ಅವರತ್ತ ಒಮ್ಮೆ ನೋಡಿದಳು. ಆಮೇಲೆ ಬೆನ್ನು ಬಗ್ಗಿಸಿ "ತುಲೌ, ತುಲೌ" ಎಂದು ಅಪ್ಪಣೆ ಕೇಳುತ್ತಾ ಎಲ್ಲರ ಮುಂದೆ ಹಾದು ಬಂದು ಚಕ್ಕಳಮಕ್ಕಳ ಹಾಕಿ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಕೊನೆಗೆ ಪ್ರೊಫೆಸರ್ ಕುರ್ಚಿ ಹಿಡಿದು ಇಳಿದರು.

"ನನ್ನ ಮಂಡಿ ನಿಂಗೆ ಶಾಪ ಹಾಕುತ್ತೆ ನೋಡು."

"ಹಾಕ್ಲಿ ಬಿಡಿ," ಎಂದಳು ತಿರೇಸಾ. "ನಮ್ಮಮ್ಮನ ಬೈಗುಳದ ಮುಂದೆ ಅದೆಷ್ಟರದು?"

ಆಮೇಲೆ ಅವಳು ಕಲಿಸಿದಳು. ತಲೆ ಬಾಚಿಕೊಳ್ಳಲು ಮೊಣಕೈಯನ್ನು ಮೇಜಿಗೆ ಹೇಗೆ ಊರಬೇಕು, ಕೆಮ್ಮಲು ಬಲ ಸಾಲದಾಗ ಎಂಥ ಹೆದರಿಕೆ. ನನಗೂ ಹೇಳಿರದ ಸಂಗತಿಗಳು. ನಾನು ಕಿಟಕಿಯತ್ತ ತಿರುಗಿಕೊಂಡೆ.

ಪಾಠ ಮುಗಿಯಿತು. ಪ್ರೊಫೆಸರ್ ಏಳಹೊರಟರು. ಅಂಗೈ ಮಂಡಿಗೆ ಊರಿದರು, ಆಮೇಲೆ ತೊಡೆಗೆ. ತಮ್ಮ ಮೈಯನ್ನೇ ಹತ್ತತೊಡಗಿದರು.

ತಿರೇಸಾಳ ಕಣ್ಣು ಮಿನುಗಿತು. "ನೋಡಿದ್ರಾ? ಇವರಿಗೂ ನನ್ನ ಕಾಯ್ಲೇನಾ?"

ಪ್ರೊಫೆಸರ್ ಅರ್ಧ ಬಗ್ಗಿದಲ್ಲೇ ನಿಂತರು. "ಉತ್ತರ ಹೇಳ್ರಪ್ಪಾ, ಬೇಗ. ಸೊಂಟ ಹಿಡ್ಕೊಳ್ತಿದೆ."

"ನೋಯುತ್ತಾ ಡಾಕ್ಟ್ರೇ?" ಲೋಸಾ ಕೇಳಿದಳು.

"ಜೀವ ಹೋಗ್ತಿದೆ."

"ಹಾಗಾದ್ರೆ ಕೀಲು ಸವೆದಿರಬಹುದು. ಅಕ್ಕ, ನಿಮಗೆ?"

"ನಂಗೆ ನೋವಿಲ್ಲ, ಬಲಾನೇ ಇಲ್ಲ," ಎಂದಳು ತಿರೇಸಾ. "ವಿಡಿಯೋದೋಳನ್ನ ಕೇಳಿದ್ರೆ ಹೇಳ್ತಿದ್ಲಾ?"

ಪ್ರೊಫೆಸರ್ ನಗುತ್ತಾ ನೆಟ್ಟಗಾದರು. "ಸೋತೆ ಕಣಮ್ಮ. ಮುಂದಿನ ವರ್ಷವೂ ಬಾ."

"ಆಗ ಕೈಯೂ ಏಳದೇ ಇರಬಹುದು."

"ಹೇಗಿರ್ತೀಯೋ ಹಾಗೇ ಬಾ."

ಅವಳನ್ನು ಎತ್ತಲು ನಾನು ಮುಂದಾದೆ.

"ನೀನಲ್ಲಮ್ಮ. ಇವರು ಕಲೀಲಿ. ಕಂಕುಳಿಗೆ ಕೈ ಹಾಕ್ಬೇಡ್ರೋ, ಒದ್ದೆ ಸೋಪಿನ ಥರ ಜಾರ್ತೀನಿ!"

ನನ್ನ ಕೈಗಳು ತಾವಾಗಿಯೇ ಚಾಚುತ್ತಿದ್ದವು. ಅವನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಅಲ್ಲೇ ಕೂತೆ.