ಗುರುವಾರದ ವಾಕ್ಯ

“ಕೋಳಿ ಕೂಗೂ ಹೊತ್ತಿನ್ಯಾಗ ಆಕಿ ಕೆಳಗಿನ ಓಣಿಗೆ ಯಾಕ ಹೋಗಿದ್ಲವಾ?” ಎಂದು ರೇವವ್ವ ಮತ್ತೊಮ್ಮೆ ಕೇಳಿದಳು.

ಸತ್ತವಳ ಮನೆಯ ಅಂಗಳದಲ್ಲಿ ಹೆಂಗಸರು ಸುತ್ತುಗಟ್ಟಿ ಕುಳಿತಿದ್ದರು. ನಿನ್ನೆ ಸಂಜೆಯವರೆಗೂ ಹೊಲಿಗೆ ಮಷಿನ್ನಿನ ಮುಂದೆ ಕುಳಿತು ಊರಿನ ಹೆಣ್ಣುಮಕ್ಕಳ ಕುಪ್ಪಸಕ್ಕೆ ಹುಕ್ಕು ಹಚ್ಚಿದ್ದ ಎಸ್ತೇರವ್ವ, ಇಂದು ಬೆಳಗಾಗುವುದರೊಳಗೆ ಕೆಳಗಿನ ಓಣಿಯ ನಂದಾಳ ಮನೆಯ ಕಟ್ಟೆಗೆ ಒರಗಿ ಕುಳಿತಲ್ಲೇ ಸತ್ತಿದ್ದಳು. ಮೊದಲು ಕಂಡವಳು ನಂದಾ. ಕಸ ಗುಡಿಸಲು ಬಾಗಿಲು ತೆರೆದವಳು, “ಏನವ್ವಾ, ಇಷ್ಟ ಲಗೂನ?” ಎಂದು ಮಾತಾಡಿಸಿದ್ದಳು. ಉತ್ತರ ಬಾರದೆ ಭುಜ ಮುಟ್ಟಿ ನೋಡಿದ್ದಳು. ಆ ಕೈಯನ್ನು ಈಗಲೂ ಮಡಿಲಲ್ಲಿ ಬೇರೆ ಯಾರದೋ ಕೈಯಂತೆ ಇಟ್ಟುಕೊಂಡು ಕುಳಿತಿದ್ದಳು.

ಮಕ್ಕಳಿಲ್ಲದ ಎಸ್ತೇರವ್ವನ ಮಣ್ಣಿನ ಕೆಲಸಕ್ಕೆಲ್ಲ ತಮ್ಮನ ಮಗ ಪ್ರಭುವೇ ನಿಂತಿದ್ದ. ಹುಬ್ಬಳ್ಳಿಯಿಂದ ಪೆಟ್ಟಿಗೆ ಬಂದಿತ್ತು, ಪಾಸ್ಟರೂ ಬಂದಿದ್ದರು. ಬಿಸಿಲು ಬಲವಾಗಿದೆ, ಬಹಳ ಹೊತ್ತು ಇಡುವುದು ಬೇಡ ಎಂದು ಅವರು ಎರಡು ಸಲ ಹೇಳಿಯಾಗಿತ್ತು.

ಎಸ್ತೇರವ್ವನ ಬಾಜು ಮನೆಯ ಹಸೀನಾಬಿ ನಂದಾಳ ಹತ್ತಿರ ಬಂದು ಕುಳಿತು ಮೆಲ್ಲಗೆ, ತಿರ್ಲಾಪುರದ ರೋಹಿಣಿಗೆ ತಾನೇ ಫೋನು ಮಾಡಿರುವುದಾಗಿಯೂ ಬಸ್ಸು ಕಲಘಟಗಿಗೆ ಬಂದಿದೆಯಂತೆ ಎಂದೂ ಹೇಳಿದಳು. ರೋಹಿಣಿ ನಂದಾಳ ಒಡಹುಟ್ಟಿದ ತಂಗಿ. ಈ ಅಂಗಳದಲ್ಲಿ, ಎಲ್ಲರೆದುರು ಅವಳು ಬಾಯಿ ಬಿಟ್ಟರೆ ಮುಗಿಯಿತು.

*

ಎಸ್ತೇರವ್ವನ ಗುರುವಾರದ ಪ್ರಾರ್ಥನಾ ಕೂಟಕ್ಕೆ ಒಂದೇ ಕಟ್ಟಳೆ. ಸತ್ಯವೇದದ ಒಂದು ವಾಕ್ಯ ಓದುವುದು, ಮನೆಗೆ ಹೋಗಿ ಅದರಂತೆ ನಡೆಯುವುದು, ಮುಂದಿನ ವಾರ ಬಂದು ಏನು ಮಾಡಿದೆವೆಂದು ಹೇಳುವುದು. ಒಬ್ಬರು ಮಾಡದಿದ್ದರೂ ಮುಂದಿನ ವಾಕ್ಯವಿಲ್ಲ, ಮತ್ತೆ ಅದೇ. ನಾಲಗೆಗೆ ಕಡಿವಾಣ ಹಾಕಬೇಕೆಂಬ ವಾಕ್ಯ ಬಂದಾಗ ರೇವವ್ವ ಸೊಸೆಯನ್ನು ಒಂದು ವಾರ ಬೈಯದೆ ಇದ್ದು ಜ್ವರ ಬಂದು ಮಲಗಿದ್ದಳು. ಸೊಸೆಯೇ ಬಂದು, “ಬೈಯಾಕ ಬಿಡ್ರಿ ಯವ್ವಾ, ಇಲ್ಲಾಂದ್ರ ಅತ್ತಿ ಉಳಿಯಾಂಗಿಲ್ಲ” ಎಂದು ಎಸ್ತೇರವ್ವನನ್ನು ಬೇಡಿಕೊಂಡಿದ್ದಳು.

ಕಾಣಿಕೆ ಹಿಡಿದು ದೇವರ ಮುಂದೆ ಬಂದಾಗ ನಿನ್ನ ಒಡಹುಟ್ಟಿದವರ ನೆನಪಾದರೆ, ಕಾಣಿಕೆ ಅಲ್ಲೇ ಇಟ್ಟು ಮೊದಲು ಹೋಗಿ ಒಂದಾಗು ಎನ್ನುವ ಮಾತಿಗೆ ಬಂದು ಕೂಟ ನಿಂತುಬಿಟ್ಟಿತು. ಮಳೆಗಾಲ ಹೋಯಿತು, ಭತ್ತದ ಸುಗ್ಗಿ ಮುಗಿಯಿತು, ವಾಕ್ಯ ಮಾತ್ರ ಕದಲಲಿಲ್ಲ. ಯಾರಿಂದ ನಿಂತಿದೆ ಎಂದು ಎಲ್ಲರಿಗೂ ಗೊತ್ತಿತ್ತು. ನಂದಾಳ ತಾಯಿ ತಿರ್ಲಾಪುರದಲ್ಲಿ ತಂಗಿಯ ಮನೆಯಲ್ಲಿದ್ದಾಗ ತೀರಿಕೊಂಡಿದ್ದಳು. ರೋಹಿಣಿ ಸುದ್ದಿ ಕಳಿಸಿದ್ದು ತಡವಾಗಿ. ನಂದಾ ಹೋಗಿ ತಲುಪುವಷ್ಟರಲ್ಲಿ ಕುಣಿಗೆ ಮಣ್ಣು ಬಿದ್ದಾಗಿತ್ತು. ಅವ್ವನ ಮಾರಿ ಕಾಣದ ನಂದಾ ಅಲ್ಲಿ ಒಂದು ತಂಬಿಗೆ ನೀರೂ ಕುಡಿಯದೆ ಎದ್ದು ಬಂದಿದ್ದಳು. ಅಂದಿನಿಂದ ಮಾತಿಲ್ಲ.

ಗುರುವಾರ ಬಂತೆಂದರೆ ಎಲ್ಲರ ಕಣ್ಣೂ ತನ್ನ ಮೇಲೆ. ಸಾಕಾಗಿ ಹೋಗಿ, ಹೋದ ಗುರುವಾರ ನಂದಾ ಹೇಳಿಯೇ ಬಿಟ್ಟಳು: ತಿರ್ಲಾಪುರಕ್ಕೆ ಹೋಗಿದ್ದೆ, ತಂಗಿ ಒಗ್ಗರಣೆ ಅವಲಕ್ಕಿ ಮಾಡಿದಳು, ಅವ್ವನ ಫೋಟೋ ಮುಂದೆ ಇಬ್ಬರೂ ಅತ್ತೆವು. ಎಸ್ತೇರವ್ವ ಎದ್ದು ಬಂದು ಅವಳ ಎರಡೂ ಕೆನ್ನೆ ಸವರಿ ಲಟಿಕೆ ಮುರಿದಳು. ಕೂಟ ಮುಂದಿನ ವಾಕ್ಯಕ್ಕೆ ಹೋಯಿತು.

*

“ಎಸ್ತೇರವ್ವ ತಿರ್ಲಾಪುರಕ್ಕ ಹೋಗಿದ್ಲು, ಗೊತ್ತೇನು ನಿನಗ?” ಎಂದಳು ಹಸೀನಾಬಿ, ಬೇರೆ ಯಾರಿಗೂ ಕೇಳದಂತೆ. “ಮೊನ್ನೆ. ನಿನ್ನ ತಂಗೀಗೆ ಶಾಬಾಶ್ ಅನ್ನಾಕ.”

ನಂದಾ ಅವಳತ್ತ ತಿರುಗಿದಳು.

ಹಸೀನಾಬಿ ಮಿಕ್ಕಿದ್ದನ್ನೆಲ್ಲ ಹೇಳಿದಳು. ಅಕ್ಕ ಬಂದಿದ್ದಳಲ್ಲ ಎಂದು ಎಸ್ತೇರವ್ವ ನಗುನಗುತ್ತ ಕೇಳಿದಾಗ ರೋಹಿಣಿ, ಹೌದು, ಬಂದಿದ್ದಳು ಎಂದಳಂತೆ. ಏನು ಮಾಡಿ ಹಾಕಿದೆ ಎಂದರೆ, ಬಾಗಿಲಲ್ಲೇ ನಿಂತು ಮಾತಾಡಿ ಹೋದಳು, ಒಳಗೆ ಬರಲಿಲ್ಲ ಎಂದಳಂತೆ. ಅಷ್ಟಕ್ಕೇ ಮುದುಕಿಗೆ ಎಲ್ಲ ತಿಳಿದುಹೋಯಿತು. ನಿನ್ನೆ ರಾತ್ರಿ ಊಟ ಮುಟ್ಟದೆ ಹಸೀನಾಬಿಯ ಪಡಸಾಲೆಯಲ್ಲಿ ಗೋಡೆ ನೋಡುತ್ತ ಕುಳಿತಿದ್ದಳು.

“ಏನಂದ್ಲು?” ಎಂದಳು ನಂದಾ. “ನನಗೇನಂದ್ಲು?”

“ನಿನಗೇನ ಅಂತಾಳ? ತನಗ ತಾನ ಬೈಕೊಂಡ್ಲು. ‘ಹೋಗ್ರಿ ಅಂದೈತಿ ವಾಕ್ಯ. ಕುತಗಿ ಹಿಡದು ನೂಕ್ರಿ ಅಂದಿಲ್ಲ. ನಾ ನೂಕಿದೆ. ಹುಡುಗಿ ಸುಳ್ಳ ಹೇಳೂವಂಗ ಮಾಡಿದೆ. ಈಗ ಆಕಿ ಹತ್ರ ನಾ ಹೋಗಬೇಕು, ಮುಂಜೇಲೆ ಎದ್ದಕೂಡಲೆ, ಪ್ರಾರ್ಥನಾಕ್ಕ ಕೂಡೂಕಿಂತ ಮೊದಲ’ ಅಂದ್ಲು.”

ರೇವವ್ವ ಆ ಬದಿಯಲ್ಲಿ ಹೊಸದಾಗಿ ಬಂದವರೊಬ್ಬರಿಗೆ, ಕೆಳಗಿನ ಓಣಿಗೆ ಯಾಕೆ ಹೋಗಿದ್ದಳೋ ಎಂದು ಹೇಳುತ್ತಲೇ ಇದ್ದಳು. ನಂದಾ ಅಳಲಿಲ್ಲ. ಅಳುವಿನ ಜಾಗವೇ ಮರಗಟ್ಟಿತ್ತು. ತನ್ನ ಬಾಗಿಲು ಬಡಿಯಲು ಬಂದವಳು, ಬಡಿಯದೆ, ಬೆಳಕು ಹರಿಯಲೆಂದು ಕಟ್ಟೆಗೆ ಕುಳಿತಿದ್ದಳು.

ಪಾಸ್ಟರು ಪ್ರಾರ್ಥನೆ ಮುಗಿಸಿ ತಲೆಯಾಡಿಸಿದರು. ಕುಣಿ ತೋಡುವ ಈರಪ್ಪ, ಕೆಲಸ ಮುಗಿದಿದೆ ಎಂದು ಹೇಳಿ ಕಳಿಸಿದ್ದ. ಪ್ರಭು ಗೋಡೆಗೆ ನಿಲ್ಲಿಸಿದ್ದ ಮುಚ್ಚಳವನ್ನು ಎತ್ತಿಕೊಂಡ.

ಮುಚ್ಚಿದರೆ ರೋಹಿಣಿ ಎಸ್ತೇರವ್ವನ ಮುಖ ಕಾಣುವುದಿಲ್ಲ. ಆ ಸಂಕಟ ಎಂಥದೆಂದು ತಂಗಿಗೂ ಗೊತ್ತಾಗುತ್ತದೆ. ಸುಳ್ಳೂ ಪೆಟ್ಟಿಗೆಯ ಜೊತೆಗೇ ಹೋಗುತ್ತದೆ, ಹಸೀನಾಬಿ ಹೇಳುವವಳಲ್ಲ. ನಂದಾ ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಸಾಕಿತ್ತು.

“ತಡಿಯೋ ಪ್ರಭು,” ಎಂದಳು. ಎದ್ದು ನಿಂತಿದ್ದಳು. “ನನ್ನ ತಂಗಿ ಬರಾಕತ್ತಾಳ. ಆಕಿ ಮಾರಿ ನೋಡ್ಲಿ.”

ಅಂಗಳವೆಲ್ಲ ಅವಳತ್ತ ತಿರುಗಿತು. ಬಿಸಿಲು, ಎಂದು ಪಾಸ್ಟರು ಏನೋ ಹೇಳಹೊರಟರು. ರೇವವ್ವ, ಈಗಷ್ಟೇ ಒಂದಾಗಿದ್ದೀರಲ್ಲವಾ ನೀವು, ಕಾಯೋಣ ಬಿಡಿ ಎಂದಳು.

“ಆಗಿಲ್ರಿ. ನಾ ಹೋಗೇ ಇಲ್ಲ ತಿರ್ಲಾಪುರಕ್ಕ. ಗುರುವಾರ ಹೇಳಿದ್ದು ಸುಳ್ಳು,” ಎಂದಳು ನಂದಾ.

ರೇವವ್ವನ ತೆರೆದ ಬಾಯಿ ಹಾಗೇ ಉಳಿಯಿತು. ಪ್ರಭು ಮುಚ್ಚಳವನ್ನು ಮತ್ತೆ ಗೋಡೆಗೆ ಆನಿಸಿದ.

ರೋಹಿಣಿ ಬಂದಾಗ ನೆರಳು ಅಂಗಳದ ಅರ್ಧಕ್ಕೆ ಬಂದಿತ್ತು. ಪೆಟ್ಟಿಗೆಯ ಪಕ್ಕ ಮೊಣಕಾಲೂರಿ ಕುಳಿತು ಎಸ್ತೇರವ್ವನ ಮುಖವನ್ನು ಬಹಳ ಹೊತ್ತು ನೋಡಿದಳು. ತಲೆ ಎತ್ತದೆ ಕೇಳಿದಳು:

“ಇಷ್ಟೊತ್ತನಕ ಮುಚ್ಚೂದು ಯಾರು ನಿಲ್ಲಿಸಿದ್ರು?”

“ನಾನ,” ಎಂದಳು ಎದುರು ಬದಿಯಲ್ಲಿದ್ದ ನಂದಾ.

“ನೀ ಬಂದಿದ್ದಿ ಅಂತ ಹೇಳಿದ್ನಿ ಯಕ್ಕಾ. ಮುದುಕಿ ಅಷ್ಟ ಖುಷೀಲೆ ಕೇಳಿದ್ಲು, ಇಲ್ಲ ಅನ್ನಾಕ ಬಾಯಿ ಬರಲಿಲ್ಲ.”

“ಗೊತ್ತಾತು.”

“ನೀ ಬರತಿದ್ದೇನು, ಯಾವಾಗರ?”

“ಗೊತ್ತಿಲ್ಲ,” ಎಂದಳು ನಂದಾ.

ಪ್ರಭು ಮುಚ್ಚಳ ತಂದು ಇಳಿಸಿದ. ಬಾಗಿದ್ದ ನಂದಾಳ ಸೆರಗು ಅದರಡಿ ಸಿಕ್ಕಿತು. ಅವಳಿಗೆ ಅದು ತಿಳಿಯಲಿಲ್ಲ, ಏಳಹೋಗಿ ಜಗ್ಗಿ ನಿಂತಳು. ರೋಹಿಣಿ ಸುತ್ತಿ ಬಂದು ಮುಚ್ಚಳದ ಅಂಚನ್ನು ಬೆರಳಿನಷ್ಟು ಎತ್ತಿ, ಸೆರಗನ್ನು ಬಿಡಿಸಿ ಕೊಡವಿ, ಅಕ್ಕನ ಸೊಂಟಕ್ಕೆ ಸಿಗಿಸಿದಳು.